ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಡರ್ಟ್ ಬೈಕ್ ಎಂಜಿನ್ ದುರಸ್ತಿಯಲ್ಲಿ ಕಾರಣ ಶೋಧನೆಯ ಮಹತ್ವ

ಯಂತ್ರವೊಂದು ಕೆಟ್ಟು ನಿಂತಾಗ ಮಾಲೀಕನು ಕೇಳುವ ಮೊದಲ ಪ್ರಶ್ನೆ "ಯಾವ ಭಾಗ ಹೋಗಿದೆ?" ಎಂಬುದು. ಎರಡನೆಯದು "ಎಷ್ಟು ಖರ್ಚಾಗುತ್ತದೆ?" ಎಂಬುದು. "ಆ ಭಾಗ ಏಕೆ ಹೋಯಿತು?" ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ಬಿಡಿಭಾಗ ತರಿಸಿ, ಜೋಡಿಸಿ, ಬಿಲ್ಲು ಪಾವತಿಸಿ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಅದೇ ಭಾಗ ಮತ್ತೆ ಕೆಟ್ಟಾಗ ಬಿಡಿಭಾಗದ ಗುಣಮಟ್ಟವನ್ನೋ, ಯಂತ್ರ ನಡೆಸಿದ ಕೆಲಸಗಾರನನ್ನೋ ದೂಷಿಸುವುದು ರೂಢಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆ ಹುಟ್ಟಿದ್ದು ಇಂತಹ ಸಂದರ್ಭಗಳಿಂದಲೇ ಇರಬೇಕು.

ಮೈಸೂರಿನಲ್ಲಿ ನಡೆದ ಒಂದು ಪ್ರಕರಣವು ಈ ಮಾತಿಗೆ ಒಳ್ಳೆಯ ನಿದರ್ಶನ. ಅದು ಕೇವಲ ಒಂದು ಬೈಕಿನ ಎಂಜಿನ್‌ಗೆ ಸಂಬಂಧಿಸಿದ್ದಾದರೂ ಲೇತ್, ಕಂಪ್ರೆಸರ್, ಜನರೇಟರ್ ಇಟ್ಟುಕೊಂಡಿರುವ ಪ್ರತಿಯೊಬ್ಬ ಸಣ್ಣ ಉದ್ಯಮಿಗೂ ಅನ್ವಯಿಸುವಂಥದ್ದು.

ಎರಡು ಬಾರಿ ನಿಂತ ಎಂಜಿನ್

ನಗರದ ಹೊರವಲಯದಲ್ಲಿ ಯುವಕರಿಗೆ ಮಣ್ಣಿನ ಹಾದಿಯ ಬೈಕ್ ಸವಾರಿ ಕಲಿಸುವ ಸಣ್ಣ ತರಬೇತಿ ಕೇಂದ್ರವೊಂದಿದೆ. ಅದರ ಬಳಿ ಇದ್ದುದು ಮೂರು ಬೈಕುಗಳು. ಅವುಗಳಲ್ಲಿ ಒಂದು ಆಮದು ಮಾಡಿಕೊಂಡ 125 ಸಿಸಿ ಸಾಮರ್ಥ್ಯದ, ನೀರಿನಿಂದ ತಂಪಾಗುವ ಎರಡು ಸ್ಟ್ರೋಕ್ ಮೋಟೊಕ್ರಾಸ್ ಬೈಕು. ತರಬೇತಿಯ ಋತುವಿನ ನಡುವೆ ಅದರ ಎಂಜಿನ್ ಓಡುತ್ತಿದ್ದಂತೆಯೇ ಹಿಡಿದುಕೊಂಡು, ಹಿಂದಿನ ಚಕ್ರ ಸ್ತಬ್ಧವಾಯಿತು. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ಎಂಜಿನ್ ಸೀಜ್ ಆಗಿತ್ತು.

ಅದನ್ನು ಒಯ್ದದ್ದು ದಶಕಗಳ ಅನುಭವವುಳ್ಳ ಮೇಸ್ತ್ರಿಯೊಬ್ಬರ ವರ್ಕ್‌ಶಾಪಿಗೆ. ಮೈಸೂರಿಗೆ ಎರಡು ಸ್ಟ್ರೋಕ್ ಎಂಜಿನ್ ಹೊಸದಲ್ಲ. 1961ರಲ್ಲಿ ಉತ್ಪಾದನೆ ಆರಂಭಿಸಿದ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚುವವರೆಗೆ ಜಾವಾ ಹಾಗೂ ಯೆಜ್ಡಿ ಬೈಕುಗಳನ್ನು ಇಲ್ಲಿಯೇ ತಯಾರಿಸುತ್ತಿತ್ತು. ಆ ಬೈಕುಗಳನ್ನು ಬಿಚ್ಚಿ ಜೋಡಿಸಿ ಕೈಪಳಗಿದ ಮೇಸ್ತ್ರಿಗಳು ಇಂದಿಗೂ ನಗರದಲ್ಲಿದ್ದಾರೆ. ಈ ಮೇಸ್ತ್ರಿಯೂ ಅವರಲ್ಲೊಬ್ಬರು.

ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ ಗೀರುಬಿದ್ದು ಕರಗಿದಂತಾಗಿತ್ತು. ಎರಡು ಸ್ಟ್ರೋಕ್ ಎಂಜಿನ್ ಹಿಡಿದುಕೊಂಡಿತೆಂದರೆ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಕಡಿಮೆಯಾಯಿತೆಂಬ ತೀರ್ಮಾನಕ್ಕೆ ಬರುವುದು ವಾಡಿಕೆ. ಕೇಂದ್ರದಲ್ಲಿ ಪೆಟ್ರೋಲ್ ಬೆರೆಸುವ ಕೆಲಸ ಇಪ್ಪತ್ತರ ಆಸುಪಾಸಿನ ಸಹಾಯಕನೊಬ್ಬನದು. ಲೀಟರಿಗೆ ಮೂವತ್ತು ಮಿಲಿಲೀಟರ್‌ಗೂ ತುಸು ಹೆಚ್ಚೇ ಹಾಕುತ್ತಿದ್ದೆನೆಂದು ಆತ ಹೇಳಿದರೂ ಯಾರೂ ನಂಬಲಿಲ್ಲ. ಕೇಂದ್ರದ ಮಾಲೀಕರು ಆತನ ಆ ತಿಂಗಳ ಸಂಬಳವನ್ನು ತಡೆಹಿಡಿದರು. ಹೊಸ ಪಿಸ್ಟನ್ ಕಿಟ್, ಹೊಸ ಗ್ಯಾಸ್ಕೆಟ್‌ಗಳೊಂದಿಗೆ ಬೈಕು ಹಿಂದಿರುಗಿತು. ಎಣ್ಣೆ ಬೆರೆಸುವ ಕೆಲಸವನ್ನು ಮಾಲೀಕರು ತಾವೇ ವಹಿಸಿಕೊಂಡರು.

ನಾಲ್ಕು ಗಂಟೆಗಳ ಓಡಾಟದ ನಂತರ ಎಂಜಿನ್ ಮತ್ತೆ ಹಿಡಿದುಕೊಂಡಿತು.

ಈ ಬಾರಿ ಎಣ್ಣೆ ಬೆರೆಸಿದವರು ಮಾಲೀಕರೇ ಆದ್ದರಿಂದ ಸಹಾಯಕನನ್ನು ದೂರುವಂತಿರಲಿಲ್ಲ. ಮೇಸ್ತ್ರಿಯು ಕೆಲಸಕ್ಕೆ ಬಾಯಿಮಾತಿನ ಖಾತರಿ ನೀಡಿದ್ದರು. ವರ್ಷಗಳಿಂದ ಗಳಿಸಿದ ಹೆಸರು, ಎರಡನೆಯ ದುರಸ್ತಿಯ ವೆಚ್ಚ ಹಾಗೂ ಒಬ್ಬ ಗ್ರಾಹಕ, ಈ ಮೂರೂ ಈಗ ಪಣಕ್ಕೆ ಬಿದ್ದವು.

ಎರಡು ಸ್ಟ್ರೋಕ್ ಎಂಜಿನ್‌ನ ಮರ್ಮ

ಮುಂದಿನದನ್ನು ಅರಿಯಲು ಈ ಎಂಜಿನ್ ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿ ತಿಳಿಯುವುದು ಅಗತ್ಯ. ಹೊಗೆಯ ನಿಯಮಗಳು ಬಿಗಿಯಾದಂತೆ ಎರಡು ಸ್ಟ್ರೋಕ್ ಬೈಕುಗಳು ನಮ್ಮ ರಸ್ತೆಗಳಿಂದ ಮರೆಯಾದವು. ಆದರೆ ತೂಕ ಕಡಿಮೆ, ಶಕ್ತಿ ಅಧಿಕ, ರಚನೆ ಸರಳ ಎಂಬ ಕಾರಣಗಳಿಂದ ಮೋಟೊಕ್ರಾಸ್ ಕ್ರೀಡೆಯಲ್ಲಿ ಅವು ಉಳಿದುಕೊಂಡಿವೆ.

ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎಣ್ಣೆಯು ಪ್ರತ್ಯೇಕವಾಗಿ ಸುತ್ತುತ್ತಿರುತ್ತದೆ. ಎರಡು ಸ್ಟ್ರೋಕ್‌ನಲ್ಲಿ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗ್‌ಗಳಿಗೂ ಜಾರುಗುಣ ನೀಡಬೇಕು. 32ಕ್ಕೆ 1ರ ಪ್ರಮಾಣವೆಂದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 31 ಮಿಲಿಲೀಟರ್ ಎಣ್ಣೆ. 40ಕ್ಕೆ 1 ಎಂದರೆ 25 ಮಿಲಿಲೀಟರ್. ಯಾವ ಬೈಕಿಗೆ ಯಾವ ಪ್ರಮಾಣವೆಂಬುದನ್ನು ತಯಾರಕರ ಕೈಪಿಡಿ ಹೇಳುತ್ತದೆ.

ಇನ್ನೊಂದು ವಿಶೇಷವೆಂದರೆ, ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸು ಇಲ್ಲಿ ಪಂಪಿನಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಮೇಲೇರಿದಾಗ ಕಾರ್ಬೊರೇಟರಿನಿಂದ ಗಾಳಿ ಹಾಗೂ ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಂಡು, ಕೆಳಗಿಳಿದಾಗ ಸಿಲಿಂಡರಿಗೆ ತಳ್ಳುತ್ತದೆ. ಆದ್ದರಿಂದ ಈ ಕೋಣೆಯು ಗಾಳಿಯಾಡದಂತೆ ಭದ್ರವಾಗಿರಬೇಕು. ತಿರುಗುವ ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ಆ ಭದ್ರತೆಯನ್ನು ಕಾಯುವುದು ರಬ್ಬರಿನ ಎರಡು ಆಯಿಲ್ ಸೀಲ್‌ಗಳು.

ಗೇರ್ ಬಾಕ್ಸ್ ಕಡೆಯ ಸೀಲ್ ಸವೆದರೆ ಗೇರ್ ಎಣ್ಣೆಯು ಒಳಕ್ಕೆ ಸೆಳೆಯಲ್ಪಟ್ಟು ಬಿಳಿಯ ಹೊಗೆ ಬರುತ್ತದೆ, ಗೇರ್ ಎಣ್ಣೆಯ ಮಟ್ಟ ಇಳಿಯುತ್ತದೆ. ಇದು ಕಣ್ಣಿಗೆ ಕಾಣುವ ದೋಷ. ಮ್ಯಾಗ್ನೆಟ್ ಕಡೆಯ ಸೀಲ್ ಸವೆದರೆ ಒಳಸೇರುವುದು ಬರೀ ಗಾಳಿ. ಹೊಗೆಯಿಲ್ಲ, ಸೋರಿಕೆಯ ಕಲೆಯಿಲ್ಲ. ಗಾಳಿ ಹೆಚ್ಚಾಗಿ ಪೆಟ್ರೋಲಿನ ಪಾಲು ಕಡಿಮೆಯಾದಾಗ ಮಿಶ್ರಣ ತೆಳುವಾಗುತ್ತದೆ, ಉಷ್ಣತೆ ಏರುತ್ತದೆ, ಪೆಟ್ರೋಲಿನ ಜೊತೆ ಬರುವ ಎಣ್ಣೆಯ ಪಾಲೂ ಇಳಿಯುತ್ತದೆ. ಕೊನೆಗೆ ಉಬ್ಬಿದ ಪಿಸ್ಟನ್ ಸಿಲಿಂಡರನ್ನು ಹಿಡಿದುಕೊಳ್ಳುತ್ತದೆ. ಡಬ್ಬಿಯಲ್ಲಿ ಎಣ್ಣೆಯನ್ನು ಎಷ್ಟೇ ಸರಿಯಾಗಿ ಅಳೆದು ಬೆರೆಸಿದ್ದರೂ ಈ ಅನಾಹುತ ತಪ್ಪುವುದಿಲ್ಲ.

ಸಾಕ್ಷ್ಯವನ್ನು ಓದುವ ಕ್ರಮ

ಎರಡನೆಯ ಬಾರಿ ಮೇಸ್ತ್ರಿಯು ಸ್ಪ್ಯಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳಲು ಕುಳಿತರು. ಎಂಜಿನ್ ನಿಲ್ಲುವ ಮುಂಚಿನ ದಿನಗಳಲ್ಲಿ ಏನಾದರೂ ಬದಲಾವಣೆ ಕಂಡಿತ್ತೇ ಎಂದು ವಿಚಾರಿಸಿದಾಗ ತರಬೇತುದಾರರು ಮರೆತಿದ್ದ ಸಂಗತಿಯೊಂದನ್ನು ನೆನಪಿಸಿಕೊಂಡರು. ಮೊದಲ ಸೀಜ್‌ಗೆ ಎರಡು ವಾರ ಮುಂಚಿನಿಂದ ಬೈಕು ನಿಂತಲ್ಲೇ ಜೋರಾಗಿ ಓಡುತ್ತಿತ್ತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಕೂಡಲೇ ಇಳಿಯುತ್ತಿರಲಿಲ್ಲ. ಅವರು ಐಡಲ್ ಸ್ಕ್ರೂ ತಿರುಗಿಸಿ ಅದನ್ನು ತಗ್ಗಿಸಿ ಸುಮ್ಮನಾಗಿದ್ದರು. ಗಾಳಿ ಸೋರಿಕೆಯ ಪ್ರಥಮ ಲಕ್ಷಣವೇ ಇದು. ರೋಗಿಯ ನರಳಾಟವನ್ನು ನಿಲ್ಲಿಸಿ ರೋಗವನ್ನು ಹಾಗೆಯೇ ಬಿಟ್ಟಂತಾಗಿತ್ತು.

ಅನಂತರ ಹೊರಗಿನಿಂದ ನೋಡಬಹುದಾದುದನ್ನೆಲ್ಲ ನೋಡಲಾಯಿತು. ರೇಡಿಯೇಟರಿನ ನೀರು ಸರಿಯಿತ್ತು. ಗೇರ್ ಎಣ್ಣೆಯ ಮಟ್ಟ ಇಳಿದಿರಲಿಲ್ಲ. ಏರ್ ಫಿಲ್ಟರ್ ಶುಚಿಯಾಗಿತ್ತು. ಆದರೆ ಸ್ಪಾರ್ಕ್ ಪ್ಲಗ್‌ನ ತುದಿ ಕಂದು ಬಣ್ಣವಿರುವ ಬದಲು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಕಪ್ಪಾಗಿ ಒದ್ದೆಯಿರುವ ಪ್ಲಗ್ ಪೆಟ್ರೋಲ್ ಅತಿಯಾಗಿದೆಯೆಂದು ಸೂಚಿಸಿದರೆ, ಬಿಳಿಯ ಪ್ಲಗ್ ಮಿಶ್ರಣ ತೆಳುವಾಗಿದೆಯೆಂದು ಸೂಚಿಸುತ್ತದೆ.

ಎಂಜಿನ್ ತಣಿದ ಮೇಲೆ ಕಿಕ್ಕರ್ ಚಲಿಸಿತು. ಆಗ ಮೊದಲ ಬಾರಿ ಮಾಡದೆ ಬಿಟ್ಟಿದ್ದ ಒತ್ತಡ ಪರೀಕ್ಷೆ ನಡೆಯಿತು. ಗಾಳಿ ಬರುವ ದ್ವಾರವನ್ನೂ ಹೊಗೆ ಹೋಗುವ ದ್ವಾರವನ್ನೂ ರಬ್ಬರ್ ಬಿರಡೆಗಳಿಂದ ಮುಚ್ಚಿ, ಕೈಪಂಪಿನಿಂದ ಚದರ ಅಂಗುಲಕ್ಕೆ 6 ಪೌಂಡ್‌ನಷ್ಟು ಗಾಳಿ ತುಂಬಿ ಗೇಜ್ ಗಮನಿಸುವುದು ಇದರ ಕ್ರಮ. ಹೆಚ್ಚು ಒತ್ತಡ ಹಾಕಿದರೆ ಒಳ್ಳೆಯ ಸೀಲ್ ಕೂಡ ಕಿತ್ತುಬರಬಹುದು. ಭದ್ರವಾದ ಎಂಜಿನ್ ಈ ಒತ್ತಡವನ್ನು ಕೆಲವು ನಿಮಿಷ ಹಿಡಿದಿಡಬೇಕು. ನಿಮಿಷಕ್ಕೆ 1 ಪೌಂಡ್‌ಗಿಂತ ಹೆಚ್ಚು ಇಳಿದರೆ ಸೋರಿಕೆಯಿದೆ ಎಂದು ತಿಳಿಯಬೇಕು. ಇಲ್ಲಿ ಅರ್ಧ ನಿಮಿಷದೊಳಗೆ ಮುಳ್ಳು ಸೊನ್ನೆಗೆ ಬಂದಿತು. ಪುಲ್ಲರ್ ಹಾಕಿ ಮ್ಯಾಗ್ನೆಟ್ ಬಿಚ್ಚಿ ಸೀಲಿನ ಸುತ್ತ ಸೋಪಿನ ನೀರು ಹಚ್ಚಿದಾಗ ಗುಳ್ಳೆಗಳು ಎದ್ದವು. ಸೀಲಿನ ರಬ್ಬರ್ ಗಟ್ಟಿಯಾಗಿ, ಅಂಚು ಸವೆದು ಹೋಗಿತ್ತು.

ಎರಡು ಪಿಸ್ಟನ್‌ಗಳ ಹೇಳಿಕೆ

ಮೇಸ್ತ್ರಿಯು ಮೊದಲ ಪಿಸ್ಟನ್ನನ್ನು ಗುಜರಿಗೆ ಹಾಕದೆ ಡಬ್ಬಿಯೊಂದರಲ್ಲಿ ಇಟ್ಟಿದ್ದರು. ಈಗ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇರಿಸಲಾಯಿತು. ಪಿಸ್ಟನ್ನಿನ ಮೇಲಿನ ಗುರುತುಗಳನ್ನು ಓದಲು ಕೆಲವು ಸೂತ್ರಗಳಿವೆ.

ಹೊಗೆ ಹೋಗುವ ಬದಿಯಲ್ಲಿ ಮಾತ್ರ ಲಂಬವಾದ ಗೀರುಗಳಿದ್ದರೆ ಅತಿಯಾದ ಉಷ್ಣತೆ ಅಥವಾ ತೆಳು ಮಿಶ್ರಣವನ್ನು ಶಂಕಿಸಬೇಕು, ಏಕೆಂದರೆ ಪಿಸ್ಟನ್ನಿನ ಅತ್ಯಂತ ಬಿಸಿಯಾದ ಬದಿ ಅದು. ನಾಲ್ಕು ಮೂಲೆಗಳಲ್ಲಿ ಸಮಾನಾಂತರವಾಗಿ ಗೀರುಗಳಿದ್ದರೆ ಎಂಜಿನ್ ಬಿಸಿಯಾಗುವ ಮೊದಲೇ ಜೋರಾಗಿ ಓಡಿಸಿರಬೇಕು ಅಥವಾ ಪಿಸ್ಟನ್ ಬಿಗಿಯಾಗಿರಬೇಕು. ಗಾಳಿ ಬರುವ ಬದಿಯು ಉಜ್ಜಿದಂತೆ ಮಂಕಾಗಿ ಸವೆದಿದ್ದರೆ ಫಿಲ್ಟರ್ ದಾಟಿ ಧೂಳು ಬಂದಿದೆ. ಸುತ್ತಲೂ ಗೀರುಬಿದ್ದು, ಕನೆಕ್ಟಿಂಗ್ ರಾಡಿನ ಬೇರಿಂಗ್ ಒಣಗಿ ನೀಲಿಗಟ್ಟಿದ್ದರೆ ಎಣ್ಣೆಯ ಕೊರತೆ. ನೆತ್ತಿಯಲ್ಲಿ ತೂತು ಬಿದ್ದಿದ್ದರೆ ಅಕಾಲ ದಹನವನ್ನೋ ವಿಪರೀತ ತೆಳುವಾದ ಮಿಶ್ರಣವನ್ನೋ ಹುಡುಕಬೇಕು.

ಎರಡೂ ಪಿಸ್ಟನ್‌ಗಳಲ್ಲಿ ಗೀರುಗಳು ಒಂದೇ ಜಾಗದಲ್ಲಿ, ಹೊಗೆ ಹೋಗುವ ಬದಿಯಲ್ಲಿ ಇದ್ದವು. ಬೇರಿಂಗ್ ಎರಡೂ ಬಾರಿ ಎಣ್ಣೆಯಿಂದ ತೇವವಾಗಿಯೇ ಇತ್ತು. ಸಹಾಯಕನ ಮಾತು ನಿಜವಾಗಿತ್ತೆಂಬುದಕ್ಕೆ ಸಾಕ್ಷಿ ಮೊದಲ ದಿನದಿಂದಲೂ ವರ್ಕ್‌ಶಾಪಿನ ಡಬ್ಬಿಯಲ್ಲಿತ್ತು. ಅದನ್ನು ಓದುವ ವ್ಯವಧಾನ ಯಾರಿಗೂ ಇರಲಿಲ್ಲ.

ಸಮಗ್ರ ದುರಸ್ತಿ

ಎರಡು ಬಾರಿ ಹಿಡಿದುಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ ಪುಡಿಯು ಕ್ರ್ಯಾಂಕ್ ಕೇಸಿಗೆ ಇಳಿದಿತ್ತು. ಕ್ರ್ಯಾಂಕ್ ತಿರುಗಿಸಿದಾಗ ಬೇರಿಂಗ್ ಮರಳಿನಂತೆ ಗರಗರ ಎನ್ನುತ್ತಿತ್ತು. ಹೀಗಾಗಿ ಸೀಲ್ ಒಂದನ್ನೇ ಬದಲಾಯಿಸಿದರೆ ಸಾಲುತ್ತಿರಲಿಲ್ಲ. ಕ್ರ್ಯಾಂಕ್ ಕೇಸನ್ನು ಎರಡಾಗಿ ಬಿಚ್ಚಿ, ತೊಳೆದು, ಮುಖ್ಯ ಬೇರಿಂಗ್‌ಗಳನ್ನೂ ಎರಡೂ ಸೀಲ್‌ಗಳನ್ನೂ ಹೊಸದಾಗಿ ಹಾಕಬೇಕಾಯಿತು.

ಸಿಲಿಂಡರಿನ ವಿಷಯದಲ್ಲಿ ಎಚ್ಚರಿಕೆ ಬೇಕಿತ್ತು. ಯೆಜ್ಡಿಯಂತಹ ಹಳೆಯ ಬೈಕುಗಳ ಬೀಡು ಕಬ್ಬಿಣದ ಸಿಲಿಂಡರನ್ನು ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕುವುದು ಸಾಮಾನ್ಯ. ಇಂದಿನ ಮೋಟೊಕ್ರಾಸ್ ಬೈಕುಗಳ ಅಲ್ಯೂಮಿನಿಯಂ ಸಿಲಿಂಡರಿಗೆ ಒಳಗೆ ನಿಕಲ್ ಹಾಗೂ ಸಿಲಿಕಾನ್ ಕಾರ್ಬೈಡ್‌ನ ಗಟ್ಟಿ ಲೇಪನವಿರುತ್ತದೆ. ಅದನ್ನು ವಾಡಿಕೆಯಂತೆ ಬೋರ್ ಮಾಡಿಸಿದರೆ ಲೇಪನವೇ ಹೋಗುತ್ತದೆ. ಅನೇಕ ವೇಳೆ ಗೀರೆಂದು ಕಾಣುವುದು ಲೇಪನದ ಮೇಲೆ ಅಂಟಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ ಆಗಿರುತ್ತದೆ. ಹತ್ತಿಯ ತುದಿಯಿಂದ ಹೈಡ್ರೋಕ್ಲೋರಿಕ್ ಆಮ್ಲವನ್ನು ಅಂಟಿದ ಜಾಗಕ್ಕೆ ಮಾತ್ರ ಸವರಿ ಅದನ್ನು ಕರಗಿಸಬಹುದು. ಕೈಗವಸು, ಕನ್ನಡಕ ಧರಿಸಿ, ಗಾಳಿಯಾಡುವ ಜಾಗದಲ್ಲಿ ಇದನ್ನು ಮಾಡಬೇಕು. ಲೇಪನ ಕಿತ್ತುಹೋಗಿರುವ ಕಡೆ ಆಮ್ಲ ತಾಗಿದರೆ ಸಿಲಿಂಡರನ್ನೇ ತಿನ್ನುತ್ತದೆ. ಇಲ್ಲಿ ಲೇಪನ ಅಖಂಡವಾಗಿದ್ದುದರಿಂದ ದುಬಾರಿಯಾದ ಸಿಲಿಂಡರ್ ಉಳಿಯಿತು.

ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ ಎರಡೆರಡು ದಿಕ್ಕಿನಿಂದ ಅಳೆದು, ಪಿಸ್ಟನ್ನಿನೊಂದಿಗಿನ ಅಂತರವನ್ನು ಕೈಪಿಡಿಯೊಡನೆ ತಾಳೆ ನೋಡಲಾಯಿತು. ರಿಂಗಿನ ತುದಿಗಳ ಅಂತರವನ್ನೂ ಅಳೆಯಲಾಯಿತು. ಪಿಸ್ಟನ್ನಿನ ಬಾಣದ ಗುರುತನ್ನು ಹೊಗೆ ಹೋಗುವ ಬದಿಗೆ ತಿರುಗಿಸಿ, ಹೊಸ ಸರ್ಕ್ಲಿಪ್ ಹಾಕಿ, ತಲೆಯ ನಟ್‌ಗಳನ್ನು ಟಾರ್ಕ್ ರೆಂಚಿನಿಂದ ಎದುರುಬದುರಾಗಿ ಹಂತಹಂತವಾಗಿ ಬಿಗಿದರು. ಚಾಲೂ ಮಾಡುವ ಮೊದಲು ಒತ್ತಡ ಪರೀಕ್ಷೆ ಮತ್ತೊಮ್ಮೆ ನಡೆಯಿತು. ಆರು ನಿಮಿಷವಾದರೂ ಮುಳ್ಳು ಅಲುಗಲಿಲ್ಲ.

ಕಾರ್ಬೊರೇಟರಿನ ಹೊಂದಾಣಿಕೆ

ಸೀಲ್ ಸರಿಯಿದ್ದರೂ ಮಿಶ್ರಣವನ್ನು ತೆಳುವಾಗಿಸುವ ಬೇರೆ ಎರಡು ಅಂಶಗಳನ್ನು ಡರ್ಟ್ ಬೈಕ್ ಇಟ್ಟುಕೊಂಡಿರುವವರು ಅರಿತಿರಬೇಕು. ಮೊದಲನೆಯದು ಎತ್ತರ. ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನ ತೆಳು ಗಾಳಿಗೆ ಹೊಂದಿಸಿದ ಕಾರ್ಬೊರೇಟರನ್ನು ಹಾಗೆಯೇ ಮಂಗಳೂರಿನ ಕಡಲತೀರಕ್ಕೆ ಒಯ್ದರೆ, ಅಲ್ಲಿನ ದಟ್ಟ ಗಾಳಿಯಲ್ಲಿ ಪೆಟ್ರೋಲಿನ ಪಾಲು ಸಾಲದೆ ಹೋಗುತ್ತದೆ. ಜೆಟ್ ಬದಲಾಯಿಸಬೇಕೇ ಎಂಬುದನ್ನು ಹೊರಡುವ ಮೊದಲೇ ಪರಿಶೀಲಿಸಬೇಕು.

ಎರಡನೆಯದು ಇಂಧನ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಎಥೆನಾಲ್‌ನಲ್ಲಿಯೇ ಆಮ್ಲಜನಕ ಇರುವುದರಿಂದ, ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಎಂಜಿನ್ ಈ ಇಂಧನದಲ್ಲಿ ತುಸು ತೆಳುವಾಗಿ ಓಡುತ್ತದೆ. ಎಥೆನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ಋತು ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ಲುವ ಬೈಕಿನ ಕಾರ್ಬೊರೇಟರನ್ನೂ ಟ್ಯಾಂಕನ್ನೂ ಬರಿದು ಮಾಡಿಡುವುದು ಕ್ಷೇಮಕರ.

ಲೆಕ್ಕದ ದೃಷ್ಟಿಯಿಂದ

ಅಂದಾಜಿಗಾಗಿ ದುಂಡು ಮೊತ್ತಗಳನ್ನು ತೆಗೆದುಕೊಳ್ಳೋಣ. ಪಿಸ್ಟನ್ ಕಿಟ್ 12,000 ರೂಪಾಯಿ, ಗ್ಯಾಸ್ಕೆಟ್‌ಗಳು 4,000, ಕೂಲಿ 6,000 ಎಂದಿಟ್ಟುಕೊಂಡರೆ ಮೊದಲ ದುರಸ್ತಿಗೆ 22,000 ರೂಪಾಯಿ. ಎರಡನೆಯ ದುರಸ್ತಿಗೆ ಅಷ್ಟೇ ಮೊತ್ತದ ಜೊತೆಗೆ ಬೇರಿಂಗ್ ಮತ್ತು ಸೀಲ್‌ಗಳಿಗೆ 14,000, ಹೆಚ್ಚುವರಿ ಕೂಲಿ 8,000, ಒಟ್ಟು 44,000. ಎರಡೂ ಸೇರಿ 66,000 ರೂಪಾಯಿ. ಮೊದಲ ಬಾರಿಯೇ ಒತ್ತಡ ಪರೀಕ್ಷೆ ಮಾಡಿ ಸೀಲ್ ಬದಲಾಯಿಸಿದ್ದರೆ 4,000 ರೂಪಾಯಿ ಹೆಚ್ಚುವರಿಯಾಗಿ 26,000ದಲ್ಲಿ ಮುಗಿಯುತ್ತಿತ್ತು. ಎಂಜಿನ್ ನಿಂತಲ್ಲೇ ಜೋರಾಗಿ ಓಡತೊಡಗಿದ ದಿನವೇ ಪರೀಕ್ಷಿಸಿದ್ದರೆ ಆ 4,000ವೇ ಒಟ್ಟು ಖರ್ಚಾಗುತ್ತಿತ್ತು. ಆಮದು ಬಿಡಿಭಾಗಕ್ಕಾಗಿ ಕಾದ ವಾರಗಳು, ಆ ಅವಧಿಯಲ್ಲಿ ಕಳೆದುಕೊಂಡ ಶುಲ್ಕ ಈ ಲೆಕ್ಕಕ್ಕೆ ಸೇರಿಲ್ಲ.

ತೆರಿಗೆಯ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇಕಡಾ 18. ವಾಹನಗಳ ದುರಸ್ತಿ ವೆಚ್ಚದ ಮೇಲಿನ ಹುಟ್ಟುವಳಿ ತೆರಿಗೆ ಜಮೆಗೆ ಸಾಮಾನ್ಯವಾಗಿ ನಿರ್ಬಂಧವಿದ್ದರೂ, ವಾಹನ ಚಾಲನೆಯ ತರಬೇತಿ ನೀಡುವ ವ್ಯವಹಾರಕ್ಕೆ ಕಾನೂನಿನಲ್ಲಿ ವಿನಾಯಿತಿಯಿದೆ. ಆದ್ದರಿಂದ ಇಂತಹ ಕೇಂದ್ರಗಳು ಬಿಡಿಭಾಗ ಹಾಗೂ ಕೂಲಿ ಎರಡಕ್ಕೂ ಸರಿಯಾದ ತೆರಿಗೆ ಬಿಲ್ಲು ಪಡೆದು ತಮ್ಮ ಲೆಕ್ಕಪರಿಶೋಧಕರಿಗೆ ತೋರಿಸುವುದು ಒಳಿತು. ಬಾಯಿಮಾತಿನ ವ್ಯವಹಾರದಲ್ಲಿ ಈ ಸೌಲಭ್ಯವೂ ಕೈತಪ್ಪುತ್ತದೆ.

ಹೊಣೆಯ ಹಂಚಿಕೆ

ಎರಡನೆಯ ಬಿಲ್ಲನ್ನು ಯಾರು ಭರಿಸಬೇಕು? ಮೇಸ್ತ್ರಿಯು ಇಂಧನವನ್ನೋ ಸವಾರನನ್ನೋ ದೂರಿ ಪಾರಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮೊದಲ ಬಾರಿಯೇ ಪರೀಕ್ಷೆ ಮಾಡದಿದ್ದುದು ತಮ್ಮ ಲೋಪವೆಂದು ಒಪ್ಪಿ ಪಿಸ್ಟನ್, ಗ್ಯಾಸ್ಕೆಟ್ ಹಾಗೂ ಕೂಲಿಯನ್ನು, ಅಂದರೆ ಮೇಲಿನ ಲೆಕ್ಕದಲ್ಲಿ 30,000 ರೂಪಾಯಿಯಷ್ಟನ್ನು, ತಾವೇ ವಹಿಸಿಕೊಂಡರು. ಸೀಲ್ ಸವೆದದ್ದು ಬಳಕೆಯಿಂದ ಹಾಗೂ ಲಕ್ಷಣ ಕಂಡರೂ ಓಡಿಸಿದ್ದು ಕೇಂದ್ರದವರಾದ್ದರಿಂದ ಬೇರಿಂಗ್ ಮತ್ತು ಸೀಲ್‌ಗಳ ವೆಚ್ಚ ಕೇಂದ್ರದ ಪಾಲಿಗೆ ಬಂದಿತು. ಇಬ್ಬರಿಗೂ ಭಾರವೆನಿಸಿದರೂ ಸಂಬಂಧ ಕೆಡಲಿಲ್ಲ. ಉಳಿದೆರಡು ಬೈಕುಗಳೂ ಈಗ ಅದೇ ವರ್ಕ್‌ಶಾಪಿಗೆ ಬರುತ್ತಿವೆ.

ಈ ಪ್ರಕರಣದ ನಂತರ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡ್ ಜಾರಿಗೆ ಬಂದಿದೆ. ಗ್ರಾಹಕ ಹೇಳಿದ ಲಕ್ಷಣ, ಪರೀಕ್ಷೆಯ ಫಲಿತಾಂಶ, ಕಂಡುಬಂದ ಕಾರಣ, ಬದಲಾಯಿಸಿದ ಭಾಗ, ಖಾತರಿಯ ಅವಧಿ ಎಂಬ ಐದು ಅಂಕಣಗಳು ಅದರಲ್ಲಿವೆ. "ಕಾರಣ" ಎಂಬ ಅಂಕಣ ಖಾಲಿಯಿದ್ದರೆ ಬೈಕು ಹೊರಹೋಗುವಂತಿಲ್ಲ. ತೆಗೆದ ಬಿಡಿಭಾಗಗಳನ್ನು ಖಾತರಿಯ ಅವಧಿ ಮುಗಿಯುವವರೆಗೆ ಚೀಟಿ ಅಂಟಿಸಿ ಇಡಲಾಗುತ್ತದೆ. ಉತ್ಪಾದನಾ ಘಟಕಗಳಲ್ಲಿ ಮೋಟಾರು ಸುಟ್ಟಾಗ, ಬೇರಿಂಗ್ ಪದೇ ಪದೇ ಹೋದಾಗ, ಕಂಪ್ರೆಸರ್ ನಿಂತಾಗ ಇದೇ ಪದ್ಧತಿಯನ್ನು ಒಂದು ಪುಟದ ನಮೂನೆಯಲ್ಲಿ ಅಳವಡಿಸಿಕೊಳ್ಳಲು ಯಾವ ಬಂಡವಾಳವೂ ಬೇಕಿಲ್ಲ.

ತರಬೇತಿ ಕೇಂದ್ರದಲ್ಲಿಯೂ ಪ್ರತಿ ಬೈಕಿಗೆ ಒಂದೊಂದು ದಾಖಲೆ ಪುಸ್ತಕ ಬಂದಿದೆ. ಡರ್ಟ್ ಬೈಕಿನ ಆಯುಸ್ಸನ್ನು ಕಿಲೋಮೀಟರಿನಿಂದಲ್ಲ, ಎಂಜಿನ್ ಓಡಿದ ಗಂಟೆಗಳಿಂದ ಅಳೆಯುತ್ತಾರೆ. ಆ ಗಂಟೆಗಳು, ಬೆರೆಸಿದ ಎಣ್ಣೆಯ ಪ್ರಮಾಣ, ಸವಾರ ಗಮನಿಸಿದ ಯಾವುದೇ ಹೊಸ ಸದ್ದು, ಎಲ್ಲವೂ ಪ್ರತಿದಿನ ಅದರಲ್ಲಿ ದಾಖಲಾಗುತ್ತವೆ. ಮಾಲೀಕರು ತಡೆಹಿಡಿದಿದ್ದ ಸಂಬಳವನ್ನು ಸಹಾಯಕನಿಗೆ ಪೂರ್ಣವಾಗಿ ಪಾವತಿಸಿ, ಎಲ್ಲರೆದುರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಪೆಟ್ರೋಲ್ ಬೆರೆಸುವ ಕೆಲಸ ಮತ್ತೆ ಅವನ ಕೈಗೇ ಬಂದಿದೆ. ಆ ದಾಖಲೆ ಪುಸ್ತಕವನ್ನು ಬರೆಯುವವನೂ ಈಗ ಅವನೇ.